ಫೋನು ಅವರ ಕೈಯಲ್ಲೇ ಇರಲಿ

ಬೇಮಳಖೇಡದ ನನ್ನ ತಮ್ಮಂದಿರೇ, ತಂಗಿಯರೇ,

ಊರಲ್ಲಿ ಯಾರ ಫೋನಿಗೆ ಏನೇ ತೊಂದರೆಯಾದರೂ ಜನ ಮೊದಲು ಹುಡುಕುವುದು ನಿಮ್ಮನ್ನು. "ತಮ್ಮಾ, ಇದೇನೋ ಮೆಸೇಜ್ ಬಂದದ, ನೋಡು" ಎಂದು ಹೊಲದಿಂದ ಬಂದ ಕಾಕಾ ಫೋನು ಚಾಚುತ್ತಾರೆ. "ಗೃಹಲಕ್ಷ್ಮಿ ರೊಕ್ಕ ಬಿದ್ದದೋ ಇಲ್ಲೋ ಹೇಳವ್ವಾ" ಎಂದು ಆಯಿ ಬಾಗಿಲಿಗೆ ಬರುತ್ತಾರೆ. ಓದುತ್ತಿದ್ದರೂ ಆಡುತ್ತಿದ್ದರೂ ನೀವು ಎದ್ದು ಬಂದು ನೋಡಿಕೊಡುತ್ತೀರಿ. ಈ ಕೆಲಸಕ್ಕೆ ನಿಮ್ಮನ್ನು ಯಾರೂ ನೇಮಿಸಿಲ್ಲ, ಯಾರೂ ಪಗಾರ ಕೊಡುವುದಿಲ್ಲ. ನಿಮ್ಮ ಈ ಗುಣವನ್ನು ಕಂಡು ನನಗೆ ಹೆಮ್ಮೆ. ಅದು ಇನ್ನಷ್ಟು ಗಟ್ಟಿಯಾಗಲಿ ಎಂಬ ಆಸೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕಿವಿಗೆ ಹಾಕಿಕೊಳ್ಳಿ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಹಾಯ ಮಾಡುವಾಗ ಫೋನು ಅದರ ಒಡೆಯರ ಕೈಯಲ್ಲೇ ಇರಲಿ. ನೀವು ಪಕ್ಕದಲ್ಲಿ ಕೂತು ತೋರಿಸಿ, ಓದಿ ಹೇಳಿ, ತಪ್ಪಿದರೆ ತಿದ್ದಿ. ಒತ್ತುವ ಬೆರಳು ಮಾತ್ರ ಅವರದೇ ಆಗಿರಲಿ.

ಇದು ಸಣ್ಣ ವಿಷಯವೆಂದು ನಿಮಗೆ ಅನಿಸಬಹುದು. ನೀವೇ ಒತ್ತಿದರೆ ಅರ್ಧ ನಿಮಿಷದ ಕೆಲಸ, ಅವರ ಕೈಯಲ್ಲಿ ಒತ್ತಿಸಿದರೆ ಹತ್ತು ನಿಮಿಷ. ಆದರೂ ಯಾಕೆ ಹೇಳುತ್ತೇನೆಂದರೆ, ನಮ್ಮ ಸೀಮೆಯ ಹಿರಿಯರು ಇದೇ ವಿಷಯದಲ್ಲಿ ತಲೆಮಾರುಗಟ್ಟಲೆ ಪೆಟ್ಟು ತಿಂದಿದ್ದಾರೆ. ನಮ್ಮ ಬೀದರ ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಹೊಲದ ಪತ್ರವಿರಲಿ, ಸಾಲದ ಕಾಗದವಿರಲಿ, ಓದಿ ಹೇಳಲು ಇನ್ನೊಬ್ಬರು ಬೇಕಿತ್ತು. ಓದಿ ಹೇಳಿದವನು ಒಳ್ಳೆಯವನಾದರೆ ಪುಣ್ಯ. ಅಲ್ಲದಿದ್ದರೆ, ಏನು ಬರೆದಿದೆ ಎಂದು ತಿಳಿಯದೆ ಹಾಕಿದ ಒಂದು ಹೆಬ್ಬೆಟ್ಟಿಗೆ ಹೊಲವೇ ಹೋಗುತ್ತಿತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿನವರಾದೆವು. ಕಚೇರಿಯ ಭಾಷೆ ಬದಲಾದರೂ ಅಕ್ಷರ ಬಾರದವರ ಹೆಬ್ಬೆಟ್ಟು ಅಷ್ಟು ಬೇಗ ಬದಲಾಗಲಿಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದ ಮೇಲೆ ಊರೂರಲ್ಲಿ ರಾತ್ರಿ ಹೊತ್ತು ದೀಪದ ಬೆಳಕಿನಲ್ಲಿ ದೊಡ್ಡವರು ಸ್ಲೇಟು ಹಿಡಿದು ಕೂತರು. ಕಲಿಸಿದವರು ನಿಮ್ಮ ವಯಸ್ಸಿನ ಹುಡುಗ ಹುಡುಗಿಯರು. ಕಲಿಯುವವರ ಸಹಿಯನ್ನು ಅವರು ತಾವೇ ಹಾಕಿ ಕೊಡಲಿಲ್ಲ. ಬಳಪವನ್ನು ಕಲಿಯುವವರ ಕೈಗೇ ಕೊಟ್ಟು, ಅವರಿಂದಲೇ ಬರೆಸಿದರು.

ಇಂದು ಆ ಹೆಬ್ಬೆಟ್ಟಿನ ಜಾಗಕ್ಕೆ ಓಟಿಪಿ ಬಂದಿದೆ. ಯುಪಿಐ ಪಿನ್ ಬಂದಿದೆ. ಆಧಾರ್ ಮೂಲಕ ಹಣ ತೆಗೆಯುವ ಪುಟ್ಟ ಯಂತ್ರದ ಮೇಲೆ ಸಾಕ್ಷಾತ್ ಹೆಬ್ಬೆಟ್ಟೇ ಮತ್ತೆ ಬಂದಿದೆ. ಏನೆಂದು ತಿಳಿಯದೆ ಒತ್ತಿದರೆ ಆಗುವ ನಷ್ಟ ಅಂದಿನದೇ. ಈ ಬಾರಿ ಓದಿ ಹೇಳುವ ಜಾಗದಲ್ಲಿ ನೀವಿದ್ದೀರಿ. ಆ ಜಾಗದ ಭಾರ ನಿಮಗೆ ಗೊತ್ತಿರಲಿ.

ಒಬ್ಬೊಬ್ಬರೇ ದಾರಿಯಲ್ಲಿ ನಿಂತು ಮಾಡುತ್ತಿರುವ ಈ ಕೆಲಸವನ್ನು ಊರಿನ ಕೆಲಸವಾಗಿ ಮಾಡಿ. ವಾರದಲ್ಲಿ ಎರಡು ಸಂಜೆ, ಒಂದು ಗೊತ್ತಾದ ಜಾಗ, ಐದಾರು ಮಂದಿ ಸಾಕು. ಪಂಚಾಯಿತಿಯ ಗ್ರಂಥಾಲಯ ಅದಕ್ಕೆ ತಕ್ಕ ಜಾಗ. ರಾಜ್ಯದ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರೇ ಇದೆ. ಅಲ್ಲಿ ಎಲ್ಲರೂ ಬರಬಹುದು, ಎಲ್ಲರಿಗೂ ಕಾಣುವ ಹಾಗೆ ಕೆಲಸ ನಡೆಯುತ್ತದೆ. ಮರೆಯಲ್ಲಿ ಮಾಡುವ ಸಹಾಯಕ್ಕಿಂತ ನಾಲ್ಕು ಜನರ ಕಣ್ಣೆದುರು ಮಾಡುವ ಸಹಾಯ ನಿಮಗೂ ಕ್ಷೇಮ, ಬಂದವರಿಗೂ ಕ್ಷೇಮ.

ಇಂಥ ಕೆಲಸಕ್ಕೆ ಮಾದರಿಗಳಿವೆ. 2009ರಲ್ಲಿ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೊಸ್ಟ್ಮಾ ಎಂಬ ಮಹಿಳೆ ರಿಪೇರ್ ಕೆಫೆ ಶುರುಮಾಡಿದರು. ಕೆಟ್ಟ ವಸ್ತುಗಳನ್ನು ಜನ ಹಿಡಿದು ತರುತ್ತಾರೆ, ಕೈಗೆಲಸ ಬಲ್ಲ ಸ್ವಯಂಸೇವಕರು ದುಡ್ಡಿಲ್ಲದೆ ನೆರವಾಗುತ್ತಾರೆ. ಅಲ್ಲಿನ ಪದ್ಧತಿ ಏನೆಂದರೆ, ವಸ್ತುವಿನ ಒಡೆಯರು ಅದನ್ನು ಕೊಟ್ಟು ಹೋಗುವ ಹಾಗಿಲ್ಲ. ಪಕ್ಕದಲ್ಲೇ ಕೂತು ಜೊತೆಗೆ ಕೈ ಹಾಕಬೇಕು. 2015ರಲ್ಲಿ ಬೆಂಗಳೂರಿನಲ್ಲೂ ಇಂಥ ಕೂಟ ಶುರುವಾಯಿತು. ಬೆಂಗಳೂರಿಗೆ ಒಗ್ಗಿದ ಪದ್ಧತಿ ಬೇಮಳಖೇಡಕ್ಕೆ ಒಗ್ಗದೆ ಏನು?

ಇನ್ನು ಕೆಲಸದ ವಿವರಕ್ಕೆ ಬರೋಣ.

ಭಾಷೆಯಿಂದ ಶುರುಮಾಡಿ. ನಮ್ಮದು ಗಡಿಯ ಊರು. ಮೊದಲು ಹುಮನಾಬಾದ್ ತಾಲೂಕಿನಲ್ಲಿದ್ದೆವು, ಈಗ ಚಿಟಗುಪ್ಪ ತಾಲೂಕು. ಆಚೆ ಜಹೀರಾಬಾದಿಗೆ ಹೋದರೆ ತೆಲುಗು. ಓಣಿಯಲ್ಲಿ ಉರ್ದು, ನೆಂಟರ ಮನೆಯಲ್ಲಿ ಮರಾಠಿ. ಬಂದವರ ಫೋನು ಯಾವ ಭಾಷೆಯಲ್ಲಿದೆ ಎಂದು ನೋಡಿ. ಬಹಳ ಸಲ ಅಂಗಡಿಯಿಂದ ಬಂದ ಹಾಗೆ ಇಂಗ್ಲಿಷಿನಲ್ಲೇ ಇರುತ್ತದೆ. ಅವರಿಗೆ ಓದಲು ಬರುವ ಭಾಷೆ ಯಾವುದೆಂದು ಕೇಳಿ, ಅದಕ್ಕೆ ಬದಲಿಸುವುದನ್ನು ತೋರಿಸಿ. ಕನ್ನಡ ಇಂದು ಫೋನಿನಲ್ಲಿ ಸಲೀಸಾಗಿ ಓಡಾಡುತ್ತಿದ್ದರೆ ಅದರ ಹಿಂದೆ ಪ್ರತಿಫಲ ಬಯಸದೆ ದುಡಿದವರಿದ್ದಾರೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಕನ್ನಡದವರೆಲ್ಲರಿಗೆ ಉಪಕಾರವಾಗಿದೆ. ಎಷ್ಟೋ ತಂತ್ರಾಂಶಗಳ ಪರದೆಯ ಮಾತುಗಳನ್ನು ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ಅವರ ದುಡಿಮೆ ನಮ್ಮ ಓಣಿಯವರೆಗೆ ತಲುಪಬೇಕಾದರೆ ನಿಮ್ಮಂಥವರು ಬೇಕು.

ಓದು ಬಾರದವರಿಗೆ ಮಾತಿನ ದಾರಿ ಇದೆ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ 2017ರಲ್ಲಿ ಕನ್ನಡವೂ ಸೇರಿತು. ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ. ನಮ್ಮ ಬೀದರ ಮಾತನ್ನು ಅದು ಪೂರ್ತಿ ಹಿಡಿಯದೆ ಇರಬಹುದು, ನಿಧಾನವಾಗಿ ಬಿಡಿಸಿ ಹೇಳಿದರೆ ಹಿಡಿಯುತ್ತದೆ. ಕಣ್ಣು ಮಂಜಾದವರಿಗೆ ಅಕ್ಷರ ದೊಡ್ಡದು ಮಾಡಿಕೊಡಿ. ಕಣ್ಣೇ ಕಾಣದವರಿಗೆ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆಂಡ್ರಾಯ್ಡ್ ಫೋನಿನಲ್ಲೇ ಇರುತ್ತದೆ. ಅದನ್ನು ನೀವು ಮೊದಲು ಕಣ್ಣು ಮುಚ್ಚಿ ಬಳಸಿ ಕಲಿತು, ಆಮೇಲೆ ಕಲಿಸಿ.

ಬಂದವರು ಪಿನ್ ಒತ್ತುವಾಗ ಮುಖ ಆಚೆ ತಿರುಗಿಸಿ. ಅವರಾಗಿ "ನೀನೇ ಒತ್ತು ತಮ್ಮಾ, ನಾಕು ನಂಬರ್ ಹೇಳ್ತೀನಿ" ಎಂದರೂ ಕೇಳಿಸಿಕೊಳ್ಳಬೇಡಿ. "ಕಾಕಾ, ಅದು ನನಗೂ ಗೊತ್ತಾಗಬಾರದು. ನೀವೇ ಒತ್ತರಿ" ಎಂದು ಹೇಳಿ. ನಿಮ್ಮ ಮೇಲೆ ಅವರಿಗೆ ನಂಬಿಕೆ ಇರಬಹುದು. ಆದರೆ ನಿಮ್ಮ ಮುಂದೆ ಪಿನ್ ಹೇಳಲು ರೂಢಿಯಾದವರು ನಾಳೆ ಫೋನಿನಲ್ಲಿ ಬ್ಯಾಂಕಿನವನೆಂದು ಹೇಳಿಕೊಳ್ಳುವವನಿಗೂ ಹೇಳುತ್ತಾರೆ. ಯಾರಿಗೂ ಹೇಳದಿರುವ ರೂಢಿ ನಿಮ್ಮಿಂದಲೇ ಶುರುವಾಗಬೇಕು. ಹಣ ಕಳಿಸುವುದಕ್ಕೆ ಪಿನ್ ಬೇಕು, ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದಕ್ಕೆ ಬೇಕು. ಹಣ ಪಡೆಯುವುದಕ್ಕೆ ಪಿನ್ ಬೇಡ. ಈ ಒಂದು ಮಾತನ್ನು ಬಂದವರಿಗೆಲ್ಲ ಹೇಳಿ, ಕೇಳಿದವರ ಬಾಯಿಂದಲೇ ತಿರುಗಿ ಹೇಳಿಸಿ.

ಹೊಸ ಖಾತೆ ತೆರೆದುಕೊಡುವಾಗ ಬೇಗ ಆಗಲೆಂದು ನಿಮ್ಮ ನಂಬರು, ನಿಮ್ಮ ಇಮೇಲು ಹಾಕಬೇಡಿ. ಇಂದು ಕೆಲಸ ಆಗುತ್ತದೆ. ನೀವು ಕೆಲಸ ಹುಡುಕಿ ಹೈದರಾಬಾದಿಗೋ ಪುಣೆಗೋ ಹೋದ ಮೇಲೆ ಆ ಮನೆಯವರು ತಮ್ಮದೇ ಖಾತೆಯ ಹೊರಗೆ ನಿಂತಿರುತ್ತಾರೆ. ಇನ್ನೊಂದು ತೊಂದರೆ ನಮ್ಮಲ್ಲಿ ಬಹಳ. ದುಡಿಯಲು ಹೋದ ಮಗನ ನಂಬರನ್ನೇ ತಾಯಿಯ ಬ್ಯಾಂಕಿಗೂ ಆಧಾರಿಗೂ ಕೊಟ್ಟಿರುತ್ತಾರೆ. ಆ ನಂಬರಿಗೆ ರಿಚಾರ್ಜ್ ನಿಂತು, ಬಳಕೆಯಿಲ್ಲದೆ 90 ದಿನ ಕಳೆದರೆ ಕಂಪನಿ ಅದನ್ನು ಮುಚ್ಚಬಹುದು, ಆಮೇಲೆ ಬೇರೆಯವರಿಗೆ ಕೊಡಬಹುದು. ಆಗ ತಾಯಿಯ ಖಾತೆಯ ಸಂದೇಶ ಯಾರದೋ ಫೋನಿಗೆ ಹೋಗುತ್ತದೆ. ಯಾರೇ ಬಂದರೂ "ಬ್ಯಾಂಕಿಗೆ ಕೊಟ್ಟ ನಂಬರು ಈಗಲೂ ನಿಮ್ಮ ಹತ್ತಿರ ಅದಾ?" ಎಂದು ಕೇಳುವ ಅಭ್ಯಾಸವಿರಲಿ. ಇಲ್ಲವಾದರೆ ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ ಕಳಿಸಿ. ಆಧಾರ್ ವಿಚಾರಕ್ಕೆ 1947 ಎಂಬ ಸಂಖ್ಯೆ ಇದೆ, ಕನ್ನಡದಲ್ಲೇ ಮಾತಾಡಬಹುದು.

ರೈತರು ಬಂದಾಗ ಹೆಚ್ಚು ಹೊತ್ತು ಕೊಡಿ. ತೊಗರಿ, ಸೋಯಾ, ಉದ್ದು, ಹೆಸರು ಬೆಳೆಯುವ ನಮ್ಮವರಿಗೆ ಫೋನು ಈಗ ಒಕ್ಕಲುತನದ ಸಾಮಾನಾಗಿದೆ. 2020ರಲ್ಲಿ ರೈತರೇ ತಮ್ಮ ಹೊಲದ ಬೆಳೆ ಸಮೀಕ್ಷೆಯನ್ನು ಆ್ಯಪ್‌ನಲ್ಲಿ ದಾಖಲಿಸುವ ವ್ಯವಸ್ಥೆ ಬಂತು. ಹೊಲದಲ್ಲಿ ನಿಂತು ಫೋಟೋ ಹಿಡಿಯಬೇಕು. ಬೆಳೆ ತಪ್ಪಾಗಿ ದಾಖಲಾದರೆ ಪರಿಹಾರ, ವಿಮೆಯ ಹೊತ್ತಿಗೆ ತೊಂದರೆಯಾಗುತ್ತದೆ. ಅವರ ಜೊತೆ ಹೊಲಕ್ಕೇ ಹೋಗಿ, ಫೋಟೋ ಅವರಿಂದಲೇ ತೆಗೆಸಿ. ವಿಮೆ ಮಾಡಿಸಿದ ಬೆಳೆ ಆಲಿಕಲ್ಲು ಬಿದ್ದು, ನೀರು ನಿಂತು ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ಅದಕ್ಕೆ 14447 ಸಹಾಯವಾಣಿ. ಈ ಸಂಖ್ಯೆಯನ್ನು ಮುಂಗಾರಿಗೆ ಮುಂಚೆಯೇ ಪ್ರತಿ ರೈತರ ಫೋನಿನಲ್ಲಿ ಉಳಿಸಿಡಿ. ಬೇಸಾಯದ ಸಲಹೆಗೆ 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551. ಪಿಎಂ ಕಿಸಾನ್ ಹಣ ವರ್ಷಕ್ಕೆ 6000 ರೂಪಾಯಿ, ಮೂರು ಕಂತಿನಲ್ಲಿ ಬರುತ್ತದೆ. ಆ ಹೆಸರಿನಲ್ಲೇ ವಾಟ್ಸಾಪಿಗೆ ಎಪಿಕೆ ಎಂಬ ಕಡತ ಬಂದರೆ ಅದನ್ನು ಮುಟ್ಟಬಾರದೆಂದು ಹೇಳಿ. ಅದು ಒಳಹೊಕ್ಕರೆ ಫೋನಿಗೆ ಬರುವ ಓಟಿಪಿಯನ್ನು ಕಳ್ಳರು ಓದಿಕೊಳ್ಳಬಹುದು.

ಮೋಸ ಹೋದವರು ಬಂದಾಗ ನಿಮ್ಮ ನಿಜವಾದ ಪರೀಕ್ಷೆ. ಅವರ ಮುಖ ಇಳಿದಿರುತ್ತದೆ, ಮನೆಯಲ್ಲಿ ಹೇಳಿರುವುದಿಲ್ಲ. "ಇಷ್ಟೂ ಗೊತ್ತಾಗಲಿಲ್ಲೇನ್ರಿ?" ಎಂಬ ಮಾತು ನಿಮ್ಮ ಬಾಯಲ್ಲಿ ಎಂದೂ ಬರಬಾರದು. ಓದಿದವರು, ಅಧಿಕಾರಿಗಳು, ವೈದ್ಯರು ಕೂಡ ಮೋಸ ಹೋಗಿದ್ದಾರೆ. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುತ್ತಾರೆ. ಅಂಥದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಮೊದಲು ಅವರನ್ನು ಕೂರಿಸಿ, ನೀರು ಕೊಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅವರಿಂದಲೇ ಕರೆ ಮಾಡಿಸಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ಬೇಗ ದೂರು ಕೊಟ್ಟರೆ ದಾರಿಯಲ್ಲೇ ತಡೆಹಿಡಿಯುವ ವ್ಯವಸ್ಥೆ 2021ರಿಂದ ಇದೆ. ಹಣ ಹೋದ ಸಮಯ, ಮೊತ್ತ, ವಹಿವಾಟಿನ ಸಂಖ್ಯೆ, ಇಷ್ಟನ್ನು ಕರೆಗೆ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಡಿ. ಮೆಸೇಜುಗಳನ್ನು ಅಳಿಸಲು ಬಿಡಬೇಡಿ, ಅವೇ ಸಾಕ್ಷಿ.

ಬ್ಯಾಂಕಿಗೂ ಆ ದಿನವೇ ತಿಳಿಸಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ನಿಯಮ ಹೇಳುವುದಿಷ್ಟು. ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ಓಟಿಪಿಯನ್ನೋ ಪಿನ್ನನ್ನೋ ತಾವೇ ಹೇಳಿ ಕಳೆದುಕೊಂಡಿದ್ದರೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ನಾಚಿಕೆಯಿಂದ ಸುಮ್ಮನಿದ್ದರೆ ಪ್ರತಿ ಗಂಟೆಯ ನಷ್ಟವೂ ಅವರ ಮೇಲೇ ಬೀಳುತ್ತದೆ. ಆ ನಾಚಿಕೆಯನ್ನು ಕಳೆಯುವುದು ನಿಮ್ಮ ಒಳ್ಳೆಯ ಮಾತಿನಿಂದ ಸಾಧ್ಯ. ಆಧಾರ್ ಬೆರಳಚ್ಚಿನಿಂದ ಹಣ ಹೋಗುವ ಭಯವಿದ್ದರೆ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಬೀಗ ಹಾಕುವುದನ್ನು ತೋರಿಸಿ. ಜೊತೆಗೆ ಅದನ್ನು ತೆಗೆಯುವುದನ್ನೂ ಕಲಿಸಿ, ಇಲ್ಲವಾದರೆ ಬೆರಳಚ್ಚು ಕೊಡಬೇಕಾದ ಕಡೆಯಲ್ಲೆಲ್ಲ ಪರದಾಡುತ್ತಾರೆ.

ಫೋನು ಕಳೆದುಹೋದಾಗಲೂ ದಾರಿಯಿದೆ. ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ (*#06#) ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಕಳೆಯುವ ಮುಂಚೆಯೇ ಅದನ್ನು ಮನೆಯ ರೇಷನ್ ಕಾರ್ಡಿನ ಜೊತೆ ಬರೆದಿಡಲು ಹೇಳಿ. ಕಳೆದ ಮೇಲೆ ಪೊಲೀಸ್ ದೂರು ಕೊಟ್ಟು, 2023ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಶುರುಮಾಡಿದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಫೋನನ್ನು ಎಲ್ಲ ಕಂಪನಿಗಳ ಜಾಲದಲ್ಲೂ ತಡೆಯಿಸಬಹುದು. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನೂ ಅಲ್ಲೇ ನೋಡಬಹುದು. ತಾವು ಕೊಳ್ಳದ ಸಿಮ್ ಕಂಡರೆ ಅಲ್ಲೇ ದೂರು ಕೊಡಬಹುದು.

ಇದೆಲ್ಲಕ್ಕಿಂತ ಸೂಕ್ಷ್ಮವಾದ ವಿಷಯ ಒಂದಿದೆ. ಫೋನಿನಲ್ಲಿ ಮನೆಯ ಗುಟ್ಟೆಲ್ಲ ಇರುತ್ತದೆ. ಸಾಲದ ಮಾತು, ಸೊಸೆಯ ಅಳು, ವೈದ್ಯರ ಚೀಟಿ, ಮಗಳ ಫೋಟೋ. ಕೆಲಸಕ್ಕೆ ಬೇಕಾದದ್ದಕ್ಕಿಂತ ಒಂದು ಪುಟ ಹೆಚ್ಚು ನೋಡಬೇಡಿ. ಕಣ್ಣಿಗೆ ಬಿದ್ದದ್ದನ್ನು ಅಲ್ಲೇ ಬಿಟ್ಟುಬಿಡಿ, ಗೆಳೆಯರ ಮುಂದೆಯೂ ಆಡಬೇಡಿ. ನಿಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳು ಇರಲೇಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಹುಡುಗರ ಮುಂದೆ ಫೋನು ತೆರೆಯಲು ಹಿಂಜರಿಯುವ ಎಷ್ಟೋ ಅಕ್ಕಂದಿರು ತಂಗಿಯೊಬ್ಬಳಿದ್ದರೆ ಧೈರ್ಯವಾಗಿ ಬರುತ್ತಾರೆ. ಯಾರಾದರೂ ಹೆಣ್ಣುಮಗಳು ಫೋಟೋ ತೋರಿಸಿ ಹೆದರಿಸುತ್ತಾರೆಂದು ಹೇಳಿಕೊಂಡರೆ ಅದನ್ನು ನೀವೇ ಬಗೆಹರಿಸಲು ಹೋಗಬೇಡಿ. ಅವಳ ಜೊತೆ ನಿಂತು, ಅವಳು ನಂಬುವ ಹಿರಿಯರನ್ನು ಕರೆಸಿ, ಪೊಲೀಸರಿಗೆ ದೂರು ಕೊಡಿಸಿ. ತುರ್ತಿಗೆ 112 ಇದೆ.

ಜಾಗ ತುಂಬಿದೆ ಎಂದು ಫೋಟೋ, ಧ್ವನಿಗಳನ್ನು ಅಳಿಸುವ ಮುಂಚೆ ಒಂದೊಂದಕ್ಕೂ ಅವರನ್ನು ಕೇಳಿ. ನಿಮಗೆ ಕಸವೆಂದು ಕಂಡದ್ದು ತೀರಿಹೋದ ಗಂಡನ ದನಿಯಾಗಿರಬಹುದು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. "ಇದು ನನಗ ತಿಳೀವಲ್ದು ಕಾಕಾ, ಕೇಳಿ ಹೇಳ್ತೀನಿ" ಎಂದರೆ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ. ಅಂದಾಜಿನಲ್ಲಿ ಒತ್ತಿ ಅವರ ದುಡ್ಡು ಹೋದರೆ ಮಾತ್ರ ಮರ್ಯಾದೆ ಹೋಗುತ್ತದೆ. ಬ್ಯಾಟರಿ ಉಬ್ಬಿದ ಫೋನು ಬಂದರೆ ಬಿಚ್ಚಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಬಹುದು. ಹುಮನಾಬಾದಿನ ರಿಪೇರಿ ಅಂಗಡಿಗೆ ಕಳಿಸಿ. ಕಲಿತದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ತೊಂದರೆ ಏನು, ಸರಿಯಾದದ್ದು ಹೇಗೆ ಎಂದು. ಬಂದವರ ಹೆಸರು, ನಂಬರು ಅದರಲ್ಲಿ ಬೇಡ. ನಿಮ್ಮಲ್ಲಿ ಒಬ್ಬರು ಊರು ಬಿಟ್ಟರೂ ಆ ನೋಟ್‌ಬುಕ್ ಮುಂದಿನವರಿಗೆ ಗುರುವಾಗುತ್ತದೆ.

ಕೊನೆಯದಾಗಿ ದುಡ್ಡಿನ ಮಾತು. ಕೆಲಸವಾದ ಖುಷಿಗೆ ಜನ ಹತ್ತು ಇಪ್ಪತ್ತು ಚಾಚುತ್ತಾರೆ. ತೆಗೆದುಕೊಳ್ಳಬೇಡಿ. ಬಸವಕಲ್ಯಾಣ ನಮ್ಮ ಜಿಲ್ಲೆಯದೇ ಊರು. ಅಲ್ಲಿನ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ ಒಬ್ಬಳು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಿರುಗಿ ಸುರಿದು ಬಾ ಎಂದು ಕಳಿಸಿದವಳು. ಬಡತನದಲ್ಲೂ ತನಗೆ ಸಲ್ಲದ್ದನ್ನು ಮುಟ್ಟದ ಆ ಗಟ್ಟಿತನ ಈ ನೆಲದ ಆಸ್ತಿ. ಅಂಗಡಿ ಇಟ್ಟು ದುಡಿಯುವವರು ಕೂಲಿ ಪಡೆಯುವುದು ನ್ಯಾಯವೇ. ಆದರೆ ಊರಿನ ಹೆಸರಿನಲ್ಲಿ ಕೂತ ಸಂಜೆಯಲ್ಲಿ ದುಡ್ಡು ಬಂದರೆ, ದುಡ್ಡಿಲ್ಲದವರು ಬರುವುದನ್ನೇ ಬಿಡುತ್ತಾರೆ. ಯಾರ ಓಣಿ, ಯಾವ ಜಾತಿ, ಯಾವ ಧರ್ಮ ಎಂದೂ ನೋಡಬೇಡಿ. ಹುಮನಾಬಾದಿನ ಹತ್ತಿರದ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳು ಎಲ್ಲ ಮತಗಳನ್ನೂ ಗೌರವಿಸುವ ಸಕಲಮತ ಸಂಪ್ರದಾಯವನ್ನು ಕಟ್ಟಿದ ಸೀಮೆ ಇದು. ಬಂದ ಕ್ರಮದಲ್ಲಿ ನೋಡಿಕೊಡಿ. ಮುಪ್ಪಿನವರು, ಬಸುರಿಯರು ಬಂದರೆ ಮಾತ್ರ ಮುಂದೆ ಕರೆಯಿರಿ.

ನಿಮ್ಮ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಒಂದು ಲೆಕ್ಕ ಹೇಳುತ್ತೇನೆ. ಎಷ್ಟು ಜನ ಬಂದರು ಎಂದು ಎಣಿಸಬೇಡಿ. ಹೋದ ತಿಂಗಳು ರಿಚಾರ್ಜ್ ಮಾಡಿಸಿಕೊಳ್ಳಲು ಬಂದ ಆಯಿ ಈ ತಿಂಗಳು ತಾವೇ ಮಾಡಿಕೊಂಡರೇ ಎಂದು ನೋಡಿ. ಅವರು ಪಕ್ಕದ ಮನೆಯ ಗೆಳತಿಗೆ ತೋರಿಸಿಕೊಟ್ಟರೇ ಎಂದು ಕೇಳಿ. ಹೌದು ಎಂದಾದರೆ ನಿಮ್ಮ ಗುಂಪಿಗೆ ಇನ್ನೊಬ್ಬರು ಸೇರಿದರೆಂದೇ ಅರ್ಥ, ಅವರ ವಯಸ್ಸು ಎಪ್ಪತ್ತಾಗಿದ್ದರೂ ಸರಿ. ನಿಮ್ಮನ್ನು ಬಿಟ್ಟರೆ ಗತಿಯಿಲ್ಲ ಎಂದು ಜನ ಹೊಗಳಿದಾಗ ಹಿಗ್ಗಬೇಡಿ. ನಿಮ್ಮ ನೆರವಿಲ್ಲದೆಯೂ ಅವರ ಕೆಲಸ ನಡೆಯುವ ಹಾಗೆ ಮಾಡಿ. ಬರುವ ವಾರವೇ ಗ್ರಂಥಾಲಯದವರನ್ನು ಕೇಳಿ ಒಂದು ಸಂಜೆ ಗೊತ್ತುಮಾಡಿ, ಓಣಿ ಓಣಿಗೆ ಹೇಳಿ ಬನ್ನಿ. ನಿಮ್ಮ ಕಾಲು ಗಟ್ಟಿ ಇವೆ, ಬುದ್ಧಿ ಚುರುಕಿದೆ, ಮನಸ್ಸು ಒಳ್ಳೆಯದಿದೆ. ಒಳ್ಳೆಯದಾಗಲಿ.